ಗಾಯಕನ ಗೀತಸಂಕಲನವೂ ಚರಿತ್ರೆಯ ಸಾಕ್ಷ್ಯವೂ: ಪಿ. ಬಿ. ಶ್ರೀನಿವಾಸರ ಕನ್ನಡ ಚಿತ್ರಗೀತೆಗಳನ್ನು ಚಿಕ್ಕಬಳ್ಳಾಪುರ ಸೀಮೆಯಿಂದ ನೋಡಿದಾಗ

೧

ಚರಿತ್ರೆಯನ್ನು ಬರೆಯುವವರು ಶಾಸನ, ಓಲೆಗರಿ, ಅಚ್ಚಾದ ಗ್ರಂಥ ಮೊದಲಾದವುಗಳನ್ನು ಆಕರಗಳೆಂದು ಸ್ವೀಕರಿಸುವುದರ ಜೊತೆಗೆ ಅವುಗಳನ್ನು ಪರೀಕ್ಷಿಸುವ ಕ್ರಮವೊಂದನ್ನೂ ರೂಢಿಸಿಕೊಂಡಿದ್ದಾರೆ. ತಾಮ್ರಪಟವೊಂದು ದೊರೆತರೆ ಅದು ಮೂಲವೋ ಪ್ರತಿಯೋ, ಅದನ್ನು ಬರೆಸಿದವರು ಯಾರು, ಯಾವ ಕಾಲದಲ್ಲಿ, ಯಾವ ಉದ್ದೇಶದಿಂದ ಎಂಬ ಪ್ರಶ್ನೆಗಳನ್ನು ಕೇಳದೆ ಅದರಲ್ಲಿರುವುದನ್ನು ಯಾವ ವಿದ್ವಾಂಸನೂ ಒಪ್ಪಿಕೊಳ್ಳುವುದಿಲ್ಲ. ಇಪ್ಪತ್ತನೆಯ ಶತಮಾನದ ಜನಜೀವನವನ್ನು ಕುರಿತು ಬರೆಯಹೊರಟವನಿಗೆ ಎದುರಾಗುವ ಆಕರಗಳು ಬೇರೆ ಬಗೆಯವು. ಅವುಗಳ ವಿಷಯದಲ್ಲಿ ಇಂಥ ಪರೀಕ್ಷೆಯ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಜನಪ್ರಿಯ ಗಾಯಕನೊಬ್ಬನು ತನ್ನ ಹಾಡುಗಾರಿಕೆಯ ಜೀವಮಾನದಲ್ಲಿ ಹಾಡಿದವುಗಳಿಂದ ಹೆಚ್ಚು ಹೆಸರಾದವನ್ನು ಆರಿಸಿ ಒಂದೆಡೆ ಕೂಡಿಸಿದ ಧ್ವನಿಸಂಕಲನವು ಅಂಥ ಆಕರಗಳಲ್ಲೊಂದು. 'ಹಿಟ್ಸ್' ಎಂಬ ಹೆಸರಿನಿಂದ ಇದು ಎಲ್ಲರಿಗೂ ಪರಿಚಿತವಾಗಿದೆ.

೧೯೬೦ರ ದಶಕದ ಕನ್ನಡ ಚಿತ್ರಗೀತೆಯೆಂದೊಡನೆ ಮೊದಲು ನೆನಪಾಗುವ ಪುರುಷಕಂಠ ಪಿ. ಬಿ. ಶ್ರೀನಿವಾಸರದು. ಅವರ ಹಾಡುಗಳ ಸಂಕಲನಗಳು ಎಲ್.ಪಿ. ತಟ್ಟೆಗಳಾಗಿ, ಧ್ವನಿಸುರುಳಿಗಳಾಗಿ, ಅನಂತರ ಸಿ.ಡಿ.ಗಳಾಗಿ ಬಂದಿವೆ. ಇಂದಿನ ವಿದ್ಯಾರ್ಥಿಗೆ ಆ ದಶಕದ ಸಂಗೀತದ ಪರಿಚಯವಾಗುವುದು ಬಹುಮಟ್ಟಿಗೆ ಇವುಗಳ ಮೂಲಕವೇ. ಇಂಥ ಸಂಕಲನವು ಯಾವುದಕ್ಕೆ ಸಾಕ್ಷ್ಯ, ಯಾವುದಕ್ಕೆ ಅಲ್ಲ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಚಾರಣೆಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರುಗಳ ಸೀಮೆಯನ್ನು ನೆಲೆಯಾಗಿ ಇಟ್ಟುಕೊಂಡಿದೆ. ೨೦೦೭ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದು ಆ ವರ್ಷ ಪ್ರತ್ಯೇಕ ಜಿಲ್ಲೆಯಾದ ಈ ಪ್ರದೇಶದಲ್ಲಿ ಕನ್ನಡ ತೆಲುಗುಗಳೆರಡೂ ಒಂದೇ ಬೀದಿಯಲ್ಲಿ, ಎಷ್ಟೋ ವೇಳೆ ಒಂದೇ ಮನೆಯಲ್ಲಿ, ಬಳಕೆಯಲ್ಲಿವೆ. ಒಂದು ಭಾಷೆಯ ಹೆಸರು ಹೊತ್ತ ಸಂಕಲನವನ್ನು ಒರೆಹಚ್ಚಿ ನೋಡಲು ಇದಕ್ಕಿಂತ ಉಚಿತವಾದ ಸ್ಥಳ ದೊರೆಯುವುದು ಕಷ್ಟ.

೨

ಮೊದಲಿಗೆ ಈ ಪ್ರಕಾರ ಹುಟ್ಟಿದ ಬಗೆಯನ್ನು ನೋಡಬೇಕು. ನಿಮಿಷಕ್ಕೆ ೭೮ ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಯಲ್ಲಿ ಒಂದೊಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ತಟ್ಟೆಯೊಂದಕ್ಕೆ ಎರಡು ಹಾಡು. ಅವು ಸಾಮಾನ್ಯವಾಗಿ ಒಂದೇ ಚಿತ್ರದವು. ಇಂಥ ಮಾಧ್ಯಮದಲ್ಲಿ ಗಾಯಕನೊಬ್ಬನ ಜೀವಮಾನದ ಸಂಕಲನವೆಂಬ ಕಲ್ಪನೆಗೇ ಎಡೆಯಿರಲಿಲ್ಲ. ೧೯೪೮ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ನಿಮಿಷಕ್ಕೆ ೩೩⅓ ಸುತ್ತಿನ ದೀರ್ಘಾವಧಿ ತಟ್ಟೆಯನ್ನು ಹೊರತಂದ ಮೇಲೆ ಒಂದು ತಟ್ಟೆಯಲ್ಲಿ ಹನ್ನೆರಡು ಹಾಡುಗಳನ್ನು ಸೇರಿಸುವುದು ಸಾಧ್ಯವಾಯಿತು. ಅದೇ ಕಂಪನಿಯು ೧೯೫೮ರಲ್ಲಿ ಜಾನಿ ಮ್ಯಾಥಿಸ್ ಎಂಬ ತರುಣ ಗಾಯಕನ, ಅದಾಗಲೇ ಬಿಡಿಯಾಗಿ ಮಾರಾಟವಾಗಿದ್ದ ಹಾಡುಗಳನ್ನು ಕೂಡಿಸಿ ಪ್ರಕಟಿಸಿತು. 'ಗ್ರೇಟೆಸ್ಟ್ ಹಿಟ್ಸ್' ಎಂಬ ಹೆಸರು ರೂಢಿಗೆ ಬಂದುದು ಆ ತಟ್ಟೆಯಿಂದ ಎಂದು ಹೇಳುವುದುಂಟು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದು ೪೯೦ ವಾರಗಳ ಕಾಲ ಕಾಣಿಸಿಕೊಂಡಿತು.

ಆಗ ಆ ಗಾಯಕನು ಹಾಡತೊಡಗಿ ಕೆಲವೇ ವರ್ಷಗಳಾಗಿದ್ದವು. ಅವನ ಕೀರ್ತಿಯನ್ನು ಅಳೆದು ತೂಗಿ ಮುಂದಿನವರಿಗೆ ಒಪ್ಪಿಸಬೇಕೆಂಬ ಉದ್ದೇಶವು ಈ ಪ್ರಕಟಣೆಯ ಹಿಂದೆ ಇರಲಿಲ್ಲ. ಹೊಸ ಹಾಡುಗಳನ್ನು ಮುದ್ರಿಸಲು ಅವನಿಗೆ ಬಿಡುವಿಲ್ಲದಿದ್ದಾಗ, ಕೈಯಲ್ಲಿದ್ದ ಹಳೆಯ ಸರಕನ್ನು ಹೊಸ ಲಕೋಟೆಯಲ್ಲಿಟ್ಟು ಮಾರುವ ವ್ಯಾಪಾರದ ಉಪಾಯ ಅದಾಗಿತ್ತು. ಈ ಸಂಗತಿಯನ್ನು ಗಮನದಲ್ಲಿಡುವುದು ಅಗತ್ಯ. ಸಂಕಲನವೆಂಬುದು ಮೊದಲಿನಿಂದಲೂ ವಾಣಿಜ್ಯದ ವಸ್ತು. ಅದಕ್ಕೆ ಇತಿಹಾಸದ ಗಾಂಭೀರ್ಯ ಬಂದುದು ಕಾಲ ಕಳೆದು, ಮೂಲದ ತಟ್ಟೆಗಳು ಕಣ್ಮರೆಯಾದ ಮೇಲೆ.

ಭಾರತದಲ್ಲಿ ಈ ಬದಲಾವಣೆ ತಡವಾಗಿ ಬಂದಿತು. ೧೯೬೦ರ ದಶಕದ ಮಧ್ಯದವರೆಗೂ ಇಲ್ಲಿ ೭೮ರ ತಟ್ಟೆಗಳು ತಯಾರಾಗುತ್ತಿದ್ದವು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ಭಾರತದಲ್ಲಿ ಆ ಹಳೆಯ ರೂಪದಲ್ಲಿ ಅಚ್ಚಾದವು. ಆದಕಾರಣ ಶ್ರೀನಿವಾಸರ ಹಾಡುಗಾರಿಕೆಯ ಮೊದಲ ಭಾಗವೆಲ್ಲ ಅರಗಿನ ತಟ್ಟೆಯ ಕಾಲಕ್ಕೆ ಸೇರಿದುದು. ೧೯೬೩ರಲ್ಲಿ ಫಿಲಿಪ್ಸ್ ಕಂಪನಿಯು ಯೂರೋಪಿನಲ್ಲಿ ಪರಿಚಯಿಸಿದ ಧ್ವನಿಸುರುಳಿಯು ಭಾರತದ ಸಣ್ಣ ಊರುಗಳ ಅಂಗಡಿಗಳಿಗೆ ಧಾರಾಳವಾಗಿ ಬಂದುದು ೧೯೮೦ರ ದಶಕದಲ್ಲಿ. ಚಿತ್ರಗೀತೆಯ ಸಂಕಲನವು ಜನಸಾಮಾನ್ಯರ ಕೈಗೆ ನಿಲುಕಿದುದೂ ಆಗಲೇ. ಹಾಡು ಹುಟ್ಟಿದ ಕಾಲಕ್ಕೂ ಅದು ಸಂಕಲನವನ್ನು ಸೇರಿದ ಕಾಲಕ್ಕೂ ನಡುವೆ ಹೀಗೆ ಹತ್ತರಿಂದ ಇಪ್ಪತ್ತು ವರ್ಷಗಳ ಅಂತರವಿದೆ. ಮುಂದಿನ ವಿಚಾರಕ್ಕೆಲ್ಲ ಈ ಅಂತರವೇ ಬುನಾದಿ.

೩

ಪ್ರತಿವಾದಿ ಭಯಂಕರ ಶ್ರೀನಿವಾಸರು ಹುಟ್ಟಿದುದು ೧೯೩೦ರ ಸೆಪ್ಟೆಂಬರ್ ೨೨ರಂದು, ಗೋದಾವರಿ ಸೀಮೆಯ ಕಾಕಿನಾಡಿನಲ್ಲಿ. 'ಪ್ರತಿವಾದಿ ಭಯಂಕರ' ಎಂಬುದು ಶ್ರೀವೈಷ್ಣವ ಸಂಪ್ರದಾಯದಲ್ಲಿ ಪ್ರಸಿದ್ಧವಾದ ಮನೆತನದ ಹೆಸರು. ಮದರಾಸಿನ ಜೆಮಿನಿ ಸಂಸ್ಥೆಯಲ್ಲಿದ್ದ ವೈಣಿಕ ಈಮನಿ ಶಂಕರಶಾಸ್ತ್ರಿಗಳ ಪರಿಚಯದಿಂದ ಅವರಿಗೆ ಚಿತ್ರರಂಗದ ಬಾಗಿಲು ತೆರೆಯಿತು. ೧೯೫೨ರ 'ಮಿಸ್ಟರ್ ಸಂಪತ್' ಎಂಬ ಹಿಂದಿ ಚಿತ್ರದಲ್ಲಿ ಅವರು ಮೊದಲು ಹಾಡಿದರು. ಆ ಚಿತ್ರಕ್ಕೆ ಆಧಾರವಾದುದು ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿ. ಮರುವರ್ಷ ಆರ್. ನಾಗೇಂದ್ರರಾಯರ 'ಜಾತಕಫಲ' ಚಿತ್ರದ ಮೂಲಕ ಅವರ ಕಂಠ ಕನ್ನಡಕ್ಕೆ ಬಂದಿತು. ನಾಗೇಂದ್ರರಾಯರಾದರೋ ೧೯೩೪ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ರಾವಣನ ಪಾತ್ರವನ್ನು ವಹಿಸಿದ್ದವರು. ನಟನೇ ಹಾಡಬೇಕಾಗಿದ್ದ ಕಂಪನಿ ನಾಟಕದ ಪರಂಪರೆಯಿಂದ ಬಂದವರು, ನಟನ ಹಿಂದೆ ನಿಂತು ಹಾಡುವ ಹೊಸಬನಿಗೆ ಕನ್ನಡದಲ್ಲಿ ಮೊದಲ ಅವಕಾಶವನ್ನು ಕೊಟ್ಟುದು ಎರಡು ಯುಗಗಳ ಸಂಧಿಯನ್ನು ಸೂಚಿಸುತ್ತದೆ.

೧೯೫೪ರಲ್ಲಿ 'ಬೇಡರ ಕಣ್ಣಪ್ಪ'ದಿಂದ ನಾಯಕರಾದ ರಾಜಕುಮಾರರಿಗೆ ಮೊದಮೊದಲು ಒಂದೇ ಕಂಠ ನಿಶ್ಚಯವಾಗಿರಲಿಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ಅವರು 'ಓಹಿಲೇಶ್ವರ' (೧೯೫೬), 'ಮಹಿಷಾಸುರ ಮರ್ದಿನಿ' (೧೯೫೯) ಚಿತ್ರಗಳಲ್ಲಿ ಸ್ವತಃ ಹಾಡಿದ್ದುಂಟು. ಘಂಟಸಾಲ ವೆಂಕಟೇಶ್ವರರಾಯರೂ ಅವರಿಗಾಗಿ ಹಾಡಿದ್ದುಂಟು. ೧೯೬೦ರಲ್ಲಿ ವೈ. ಆರ್. ಸ್ವಾಮಿಯವರ ನಿರ್ದೇಶನದಲ್ಲಿ, ಎಂ. ವೆಂಕಟರಾಜು ಅವರ ಸಂಗೀತದೊಡನೆ 'ಭಕ್ತ ಕನಕದಾಸ' ತೆರೆಗೆ ಬಂದಿತು. ಆ ಚಿತ್ರದಲ್ಲಿ ಶ್ರೀನಿವಾಸರ ಕಂಠವೂ ರಾಜಕುಮಾರರ ಮುಖವೂ ಎಷ್ಟು ಹೊಂದಿಕೊಂಡುವೆಂದರೆ, ನಟನದು ಶರೀರ, ಗಾಯಕನದು ಶಾರೀರ ಎಂಬ ಮಾತೇ ಮುಂದೆ ರೂಢಿಯಾಯಿತು. 'ನಾಂದಿ' (೧೯೬೪), 'ಸಂಧ್ಯಾರಾಗ' (೧೯೬೬), 'ಕಸ್ತೂರಿ ನಿವಾಸ' (೧೯೭೧), 'ಸಾಕ್ಷಾತ್ಕಾರ' (೧೯೭೧), 'ಬಂಗಾರದ ಮನುಷ್ಯ' (೧೯೭೨), 'ಗಂಧದ ಗುಡಿ' (೧೯೭೩) ಈ ಸಾಹಚರ್ಯದ ಮುಖ್ಯ ಘಟ್ಟಗಳು.

೧೯೭೪ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಜಿ. ಕೆ. ವೆಂಕಟೇಶರ ಸಂಗೀತಕ್ಕೆ ರಾಜಕುಮಾರರೇ ಹಾಡಿ, ಆ ಹಾಡು ನಾಡಿನ ಮನೆಮಾತಾಯಿತು. ಅಲ್ಲಿಂದ ಮುಂದೆ ಅವರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಶ್ರೀನಿವಾಸರ ಕನ್ನಡ ಚಿತ್ರಜೀವನದ ಉಚ್ಛ್ರಾಯಕಾಲವನ್ನು ಹೀಗೆ ೧೯೬೦ರಿಂದ ೧೯೭೪ರವರೆಗೆ ಎಂದು ಗೊತ್ತುಪಡಿಸಬಹುದು. ಅವರು ಚೆನ್ನೈನಲ್ಲಿ ತೀರಿಕೊಂಡುದು ೨೦೧೩ರ ಏಪ್ರಿಲ್ ೧೪ರಂದು.

೪

ಈ ಜೀವನಕ್ರಮಕ್ಕೂ ಸಂಕಲನವು ಕೊಡುವ ಚಿತ್ರಕ್ಕೂ ಇರುವ ವ್ಯತ್ಯಾಸಗಳನ್ನು ಈಗ ಪರಿಶೀಲಿಸಬಹುದು. ಅವುಗಳಲ್ಲಿ ನಾಲ್ಕು ಮುಖ್ಯವಾದುವು.

ಮೊದಲನೆಯದು ಕಾಲಕ್ರಮದ ಲೋಪ. ಸಂಕಲನಕಾರನು ಹಾಡುಗಳನ್ನು ಜೋಡಿಸುವುದು ಕೇಳುಗನಿಗೆ ಬೇಸರವಾಗದಂತೆ. ವರ್ಷಾನುಕ್ರಮಕ್ಕೆ ಅವನು ಬದ್ಧನಲ್ಲ. ೧೯೭೨ರ ಯುಗಳಗೀತೆಯ ಮಗ್ಗುಲಲ್ಲೇ ೧೯೬೦ರ ಕೀರ್ತನೆ ಬರಬಹುದು. 'ಭಕ್ತ ಕನಕದಾಸ'ದಲ್ಲಿ ಶ್ರೀನಿವಾಸರು ಹಾಡಿದವುಗಳಲ್ಲಿ ಕನಕದಾಸರ ಪದಗಳೇ ಇವೆಯಾದ್ದರಿಂದ, ಹದಿನಾರನೆಯ ಶತಮಾನದ ಸಾಹಿತ್ಯವೂ ಇಪ್ಪತ್ತನೆಯ ಶತಮಾನದ ಪ್ರಣಯಗೀತೆಯೂ ಒಂದೇ ಕಂಠದ ನೂಲಿನಲ್ಲಿ ಪೋಣಿಸಲ್ಪಟ್ಟು ಸಮಕಾಲೀನವೆಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಎಪ್ಪತ್ತರ ದಶಕದ ಮೊದಲ ಹಾಡುಗಳಲ್ಲಿ ವಾದ್ಯಮೇಳ ಹಿಗ್ಗಿದ ಬಗೆ, ಗಾಯಕನ ಕಂಠ ಪಕ್ವವಾದ ಬಗೆ ಇವು ಕಾಲಕ್ರಮದಲ್ಲಿ ಕೇಳಿದರೆ ಮಾತ್ರ ತಿಳಿಯತಕ್ಕವು.

ಎರಡನೆಯದು, ಗಾಯಕನೊಬ್ಬನನ್ನೇ ಕರ್ತೃವೆಂದು ನಿಲ್ಲಿಸುವುದು. ಚಿತ್ರಗೀತೆಯು ಕವಿ, ಸಂಗೀತ ನಿರ್ದೇಶಕ, ವಾದ್ಯಗಾರರು, ಗಾಯಕ, ನಟ, ಶಬ್ದಗ್ರಾಹಕ ಇವರೆಲ್ಲರ ಸಮಷ್ಟಿಕಾರ್ಯ. ಶ್ರೀನಿವಾಸರ ಸಂಕಲನವೆಂದು ಕರೆಯುವುದರಲ್ಲಿ ಎಸ್. ಜಾನಕಿ, ಪಿ. ಸುಶೀಲಾ, ಎಲ್. ಆರ್. ಈಶ್ವರಿ ಇವರ ಪಾಲು ಚಿಕ್ಕದಲ್ಲ. ಜಿ. ಕೆ. ವೆಂಕಟೇಶ್, ವಿಜಯಭಾಸ್ಕರ್, ಎಂ. ರಂಗರಾವ್, ರಾಜನ್-ನಾಗೇಂದ್ರ ಇವರಲ್ಲಿ ಒಬ್ಬೊಬ್ಬರೂ ಅದೇ ಕಂಠದಿಂದ ಬೇರೆ ಬೇರೆ ಗುಣಗಳನ್ನು ಹೊರಡಿಸಿದ್ದಾರೆ. ಸಂಗೀತ ನಿರ್ದೇಶಕರ ಹೆಸರಿನಲ್ಲಿ ವಿಂಗಡಿಸಿ ಕೇಳಿದವನಿಗೆ ದೊರೆಯುವ ಚರಿತ್ರೆ ಬೇರೆಯೇ ಆಗಿರುತ್ತದೆ.

ಮೂರನೆಯದು, ಹಾಡನ್ನು ಅದರ ಸಂದರ್ಭದಿಂದ ಬಿಡಿಸುವುದು. ಅ. ನ. ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿದ 'ಸಂಧ್ಯಾರಾಗ'ದ ನಾಯಕ ಸಂಗೀತಗಾರ. ಆ ಚಿತ್ರದಲ್ಲಿ ಶ್ರೀನಿವಾಸರ ಕಂಠದ ಜೊತೆಗೆ ಭೀಮಸೇನ ಜೋಶಿ, ಬಾಲಮುರಳೀಕೃಷ್ಣ ಇವರ ಕಂಠಗಳೂ ಕೇಳಿಬರುತ್ತವೆ. ಶಾಸ್ತ್ರೀಯಸಂಗೀತದ ಎರಡು ಪದ್ಧತಿಗಳ ಮಹನೀಯರ ನಡುವೆ ಲಘುಸಂಗೀತದ ಗಾಯಕನೊಬ್ಬನು ಹಾಡುವುದರಲ್ಲೇ ಆ ಚಿತ್ರದ ಸ್ವಾರಸ್ಯವಿದೆ. ಶ್ರೀನಿವಾಸರದನ್ನಷ್ಟೇ ಬಿಡಿಸಿಕೊಂಡ ಸಂಕಲನದಲ್ಲಿ ಈ ಸಂವಾದವು ಏಕಪಾತ್ರಾಭಿನಯವಾಗಿಬಿಡುತ್ತದೆ.

ನಾಲ್ಕನೆಯದು, ಚಿತ್ರಕ್ಕೆ ಹೊರತಾದುದನ್ನು ಕೈಬಿಡುವುದು. ಶ್ರೀನಿವಾಸರು ಹಲವು ಭಾಷೆಗಳಲ್ಲಿ ಪದ್ಯ ಬರೆದವರು. ಉರ್ದುವಿನಲ್ಲಿ ಗಜಲುಗಳನ್ನು ರಚಿಸಿದವರು. ಸಂಸ್ಕೃತ ಸ್ತೋತ್ರಗಳನ್ನು ಹಾಡಿದವರು. ೧೯೬೯ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟುದನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಗೀತರಚನೆ ಮಾಡಿ, ಎಸ್. ಜಾನಕಿಯವರೊಡನೆ ಹಾಡಿದ ತಟ್ಟೆಯೂ ಬಂದಿತ್ತು. 'ಹಿಟ್ಸ್' ಎಂಬ ಕಟ್ಟಿನೊಳಗೆ ಇವಕ್ಕೆ ಸ್ಥಳವಿಲ್ಲ. ಗಾಯಕನ ಜೀವಮಾನವನ್ನು ಪ್ರತಿನಿಧಿಸುವುದಾಗಿ ಹೇಳಿಕೊಳ್ಳುವ ಸಂಕಲನವು ವಾಸ್ತವವಾಗಿ ಪ್ರತಿನಿಧಿಸುವುದು ಕೇಳುಗರ ನೆನಪಿನ ಒಂದು ಭಾಗವನ್ನು.

೫

ಯಾವ ಕೇಳುಗರ ನೆನಪು ಎಂಬ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ಈ ಪ್ರಶ್ನೆಯನ್ನು ಹಿಡಿದು ನಮ್ಮ ನಾಲ್ಕು ಊರುಗಳ ಕಡೆಗೆ ತಿರುಗಬಹುದು.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಈ ಮೂರೂ ಬೆಂಗಳೂರಿನಿಂದ ಕೋಲಾರದ ಕಡೆಗೆ ಹೋಗುವ ರೈಲುದಾರಿಯ ಮೇಲಿನ ಊರುಗಳು. ಬಹುಕಾಲ ಅಲ್ಲಿ ಓಡಾಡಿದುದು ನ್ಯಾರೋಗೇಜ್ ರೈಲು. ಗೌರಿಬಿದನೂರು ಅವುಗಳಿಂದ ಬೇರೆಯಾಗಿ ಗುಂತಕಲ್ಲಿನ ಹಾದಿಯಲ್ಲಿದೆ. ಅದರ ಮುಂದಿನ ದೊಡ್ಡ ಊರು ಆಂಧ್ರದ ಹಿಂದೂಪುರ. ಚಿಂತಾಮಣಿಯ ವ್ಯವಹಾರವಾದರೋ ಮದನಪಲ್ಲಿಯ ಕಡೆಗೂ ಚಾಚಿಕೊಂಡಿದೆ. ಶಿಡ್ಲಘಟ್ಟ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ನೂಲು ಬಿಚ್ಚುವ ಕಸುಬಿನಲ್ಲಿ ತೊಡಗಿದವರಲ್ಲಿ ಉರ್ದು ಮನೆಮಾತಿನವರು ಬಹಳ ಮಂದಿ. ಈ ಸೀಮೆಯ ಎಷ್ಟೋ ಒಕ್ಕಲು ಮನೆಗಳಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ, ಸಂತೆಯ ಮಾತು ಎರಡೂ.

ಇಂಥ ನಾಡಿನಲ್ಲಿ ಹಾಡು ಭಾಷೆಯ ಗಡಿಯನ್ನು ಲೆಕ್ಕಿಸದೆ ನಡೆದುಬಂದಿದೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ನಾರೇಯಣ ಯತೀಂದ್ರರು ಇದಕ್ಕೆ ಹಿರಿಯ ನಿದರ್ಶನ. ೧೭೨೬ರಿಂದ ೧೮೩೬ರವರೆಗೆ ಬಾಳಿದರೆಂದು ಸಂಪ್ರದಾಯ ಹೇಳುವ, ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿದ ಈ ಅನುಭಾವಿಯು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಪದಗಳನ್ನು ರಚಿಸಿದರು. ಅವರ ಪದಗಳನ್ನು ಹಾಡುವ ಭಜನೆಯ ಮೇಳವು ಇದು ತೆಲುಗಿನದು, ಇದು ಕನ್ನಡದ್ದು ಎಂದು ಎರಡು ಸರದಿ ಮಾಡಿ ಹಾಡುವುದಿಲ್ಲ. 'ತಾತಯ್ಯನವರ ಪದ'ಗಳೆಂಬ ಒಂದೇ ಹೆಸರಿನಲ್ಲಿ ಎರಡು ಭಾಷೆಯವೂ ಕೂಡಿಕೊಂಡಿವೆ. ಒಬ್ಬ ಹಾಡುಗಾರನ ಜೀವಮಾನದ ಹಾಡುಗಳನ್ನು ಒಂದೆಡೆ ಇಟ್ಟುಕೊಳ್ಳುವ ಪದ್ಧತಿ ಈ ಸೀಮೆಗೆ ಗ್ರಾಮಫೋನಿನಿಂದ ಬಂದುದಲ್ಲ. ಆದರೆ ಇಲ್ಲಿನ ಪದ್ಧತಿಯಲ್ಲಿ ಹಾಡುಗಳನ್ನು ಒಟ್ಟು ಮಾಡಿದುದು ರಚಿಸಿದವನ ಅಂಕಿತ, ಭಾಷೆಯಲ್ಲ.

ಚಿತ್ರಗೀತೆಯ ಕಾಲಕ್ಕೆ ಬಂದರೆ ಈ ದ್ವಿಭಾಷಾ ಪರಿಸ್ಥಿತಿ ವಿಚಿತ್ರವಾದ ರೂಪವನ್ನು ತಾಳಿತು. ಶ್ರೀನಿವಾಸರ ಹುಟ್ಟುಮಾತು ತೆಲುಗು ನಾಡಿನದು. ಆದರೆ ತೆಲುಗು ಚಿತ್ರಗಳಲ್ಲಿ ಆ ಕಾಲದ ಮೊದಲ ಪುರುಷಕಂಠ ಘಂಟಸಾಲರದು (೧೯೨೨–೧೯೭೪). ಶ್ರೀನಿವಾಸರಿಗೆ ಅಗ್ರಸ್ಥಾನ ದೊರೆತುದು ಕನ್ನಡದಲ್ಲಿ. ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರ ಕಂಠವೆಂದು ಅವರು ಹೆಸರಾದರು. ಇತ್ತ ಘಂಟಸಾಲರು ೧೯೬೫ರ 'ಸತ್ಯ ಹರಿಶ್ಚಂದ್ರ'ದಂಥ ಕನ್ನಡ ಚಿತ್ರದಲ್ಲಿ ಹಾಡಿ ಕನ್ನಡಿಗರ ಮನ್ನಣೆಗೂ ಪಾತ್ರರಾದರು. ಹಿಂದೂಪುರದಲ್ಲಿ ತೆಲುಗು ಚಿತ್ರವನ್ನೂ ಗೌರಿಬಿದನೂರಿನಲ್ಲಿ ಕನ್ನಡ ಚಿತ್ರವನ್ನೂ ನೋಡಬಲ್ಲ ಒಬ್ಬನೇ ಪ್ರೇಕ್ಷಕನಿಗೆ ಈ ಎರಡು ಕಂಠಗಳೂ ಸ್ವಂತದ್ದೇ. ಅವನ ಪಾಲಿಗೆ ಅವು ಎರಡು ಭಾಷೆಗಳ ಪ್ರತಿನಿಧಿಗಳಾಗಿರಲಿಲ್ಲ, ಎರಡು ರಸಗಳ ಪ್ರತಿನಿಧಿಗಳಾಗಿದ್ದವು: ಒಂದು ಏರುದನಿಯ ಗಾಂಭೀರ್ಯದ್ದು, ಇನ್ನೊಂದು ಮಂದ್ರದ ಮಾರ್ದವದ್ದು.

೬

ಈ ಹಾಡುಗಳು ಅವನನ್ನು ಮುಟ್ಟಿದ ಮಾರ್ಗಗಳನ್ನೂ ಹೇಳಬೇಕು. ೧೯೫೨ರಲ್ಲಿ ಕೇಂದ್ರದ ವಾರ್ತಾಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯಸಂಗೀತದ ಅಭಿಮಾನಿಗಳು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆಗಳು ಬಹುಮಟ್ಟಿಗೆ ದೂರವಾದವು. ಕೇಳುಗರು ಸಿಂಹಳದ ರೇಡಿಯೋ ಕಡೆಗೆ ತಿರುಗಿದರು. ೧೯೫೭ರ ಅಕ್ಟೋಬರ್ ೩ರಂದು ವಿವಿಧ ಭಾರತಿ ಆರಂಭವಾಗಿ ಚಿತ್ರಗೀತೆಗೆ ಮತ್ತೆ ಸ್ಥಳ ದೊರೆಯಿತು. ಬೆಂಗಳೂರಿನ ಆಕಾಶವಾಣಿ ಕೇಂದ್ರವು ೧೯೫೫ರಲ್ಲಿ ಆರಂಭವಾಗಿತ್ತು. ಶ್ರೀನಿವಾಸರ ಹಾಡುಗಾರಿಕೆಯ ಮೊದಲ ಐದು ವರ್ಷಗಳು ಈ ನಿರೋಧದ ಕಾಲಕ್ಕೆ ಸರಿಯಾಗಿ ಸೇರುತ್ತವೆಂಬುದು ಗಮನಾರ್ಹ. ಅವರ ಆರಂಭದ ಹಾಡುಗಳು ಜನರ ನೆನಪಿನಲ್ಲಿ ಅಷ್ಟಾಗಿ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಒಂದು ಹಾಡು 'ಹಿಟ್' ಆಗುವುದು ಅದರ ಗುಣವೊಂದರಿಂದಲೇ ಅಲ್ಲ. ಅದನ್ನು ಕೇಳಿಸುವ ಸಾಧನವೂ ಸರ್ಕಾರದ ನೀತಿಯೂ ಅದಕ್ಕೆ ಒದಗಿಬರಬೇಕು.

ರೇಡಿಯೋಗೆ ಲೈಸೆನ್ಸ್ ಕಟ್ಟಬೇಕಾಗಿದ್ದ ಆ ಕಾಲದಲ್ಲಿ ಹಳ್ಳಿಯವರಿಗೆ ಹಾಡು ದೊರೆಯುತ್ತಿದ್ದುದು ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ಮದುವೆಯ ಚಪ್ಪರದ ಧ್ವನಿವರ್ಧಕದಲ್ಲಿ, ಜಾತ್ರೆಯಲ್ಲಿ, ಹೋಟೆಲಿನ ಬಾಗಿಲಲ್ಲಿ. ಆಟ ಆರಂಭವಾಗುವ ಮುನ್ನ ಡೇರೆಯ ಮೇಲಿನ ಧ್ವನಿವರ್ಧಕದಿಂದ ಘಂಟಸಾಲರು ಹಾಡಿದ ವೆಂಕಟೇಶ್ವರನ ಸ್ತುತಿಯ ತಟ್ಟೆಯನ್ನು ಹಾಕುತ್ತಿದ್ದ ಪದ್ಧತಿ ಕರ್ನಾಟಕದ ಬಹುಭಾಗದಲ್ಲಿ ಇದ್ದಿತು. ಆ ಹಾಡು ಕೇಳಿಸಿತೆಂದರೆ ಟಿಕೆಟ್ಟಿಗೆ ಹೊರಡುವ ಹೊತ್ತಾಯಿತೆಂದು ಅರ್ಥ. ಈ ಒಂದು ಸಂಗತಿಯನ್ನು ಮನನ ಮಾಡಿದರೆ ನಮ್ಮ ವಿಷಯವೆಲ್ಲ ಸ್ಪಷ್ಟವಾಗುತ್ತದೆ. ಕನ್ನಡ ಚಿತ್ರವನ್ನು ನೋಡಹೋದವನ ಕಿವಿಗೆ ಸಂಜೆಯ ಮೊದಲು ಬಿದ್ದುದು ಘಂಟಸಾಲರ ಕಂಠ. ಅದರ ಬೆನ್ನಿಗೇ ಡೇರೆಯೊಳಗೆ ಶ್ರೀನಿವಾಸರ ಕಂಠ. ಕೇಳುಗನ ಅನುಭವದಲ್ಲಿ ಒಂದಕ್ಕೊಂದು ಹೊಂದಿಕೊಂಡಿದ್ದ ಇವೆರಡು ಸಂಕಲನದಲ್ಲಿ ಎಂದೂ ಸೇರುವಂತಿಲ್ಲ. ಗಾಯಕ ಬೇರೆ, ವರ್ಗ ಬೇರೆ, ಅಂಗಡಿಯ ಕಪಾಟೂ ಬೇರೆ.

೭

ಧ್ವನಿಸುರುಳಿಯ ಕಾಲದಲ್ಲಿ ಕಂಪನಿಗಳು ಶ್ರೀನಿವಾಸರ ಹಾಡುಗಳನ್ನು ಕನ್ನಡ, ತಮಿಳು, ತೆಲುಗು ಎಂದು ಭಾಷಾವಾರು ಬಿಡಿಸಿ ಮಾರಿದುದು ವ್ಯಾಪಾರದ ಸೌಕರ್ಯಕ್ಕಾಗಿ. ಅದರಲ್ಲಿ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ಆದರೆ ಅದರ ಪರಿಣಾಮ ಮಾತ್ರ ವ್ಯಾಪಾರಕ್ಕೆ ಸೀಮಿತವಾಗಲಿಲ್ಲ. ೧೯೫೬ರಲ್ಲಿ ರಾಜ್ಯಗಳು ಭಾಷೆಯ ಆಧಾರದ ಮೇಲೆ ಪುನರ್ವಿಂಗಡಣೆಯಾಗಿದ್ದವು. ೧೯೮೨ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರರೇ ಮುಂದಾಳಾಗಿ ನಿಂತರು. ಕನ್ನಡದ ಅಭಿಮಾನವು ಹೊಸ ಹುರುಪನ್ನು ಪಡೆದ ಆ ದಶಕದಲ್ಲಿಯೇ ಹಳೆಯ ಚಿತ್ರಗೀತೆಗಳ ಸುರುಳಿಗಳು ಮನೆಮನೆಗೆ ಬಂದುವು. ಮದರಾಸಿನ ಸ್ಟುಡಿಯೋಗಳಲ್ಲಿ, ತೆಲುಗು ತಮಿಳು ಕನ್ನಡಗಳ ಕಲಾವಿದರು ಒಂದೇ ವಾದ್ಯಮೇಳದ ಸುತ್ತ ಕೂಡಿ ನಿರ್ಮಿಸಿದ ಹಾಡುಗಳು ಇಪ್ಪತ್ತು ವರ್ಷಗಳ ಅನಂತರ ಒಂದೊಂದು ಭಾಷೆಯ ಅಚ್ಚ ಸೊತ್ತೆಂಬಂತೆ ಕಾಣತೊಡಗಿದುವು. ಕನ್ನಡಿಗರು ಶ್ರೀನಿವಾಸರನ್ನು ತಮ್ಮವರೆಂದುಕೊಂಡುದು ಪ್ರೀತಿಯಿಂದ; ಆ ಪ್ರೀತಿ ಸತ್ಯವಾದುದು. ಅದರಿಂದ ಕಾಕಿನಾಡೂ ಘಂಟಸಾಲರೂ ಮರೆಯಾಗಬೇಕಾಗಿಲ್ಲ.

ಇಲ್ಲಿ ನಾವು ಕಳೆದುಕೊಳ್ಳುವುದು ಏನು ಎಂಬುದನ್ನು ಬಿಚ್ಚಿ ಹೇಳಬೇಕು. ೭೮ರ ತಟ್ಟೆಗಳು ಒಡೆದುಹೋಗುತ್ತಿವೆ; ಡೇರೆಗಳು ಎದ್ದುಹೋಗಿವೆ; ಆ ಡೇರೆಗಳಲ್ಲಿ ನೆಲದ ಮೇಲೆ ಕುಳಿತು ಚಿತ್ರ ನೋಡಿದವರಿಗೆ ಈಗ ಎಪ್ಪತ್ತು ಎಂಬತ್ತರ ವಯಸ್ಸು. ಇನ್ನು ಸ್ವಲ್ಪ ಕಾಲದಲ್ಲಿ ೧೯೬೦ರ ದಶಕದ ಜನಪ್ರಿಯ ಸಂಗೀತಕ್ಕೆ ಸುಲಭವಾಗಿ ದೊರೆಯುವ ಆಕರವೆಂದರೆ ಸಂಕಲನವೊಂದೇ ಆದೀತು. ಆಗ ಅದರಲ್ಲಿ ಇರುವುದೇ ಇದ್ದುದು, ಇಲ್ಲದಿರುವುದು ಇರಲೇ ಇಲ್ಲ ಎಂಬ ತೀರ್ಮಾನಕ್ಕೆ ಮುಂದಿನ ಬರೆಹಗಾರ ಬರುವ ಅಪಾಯವಿದೆ. ಭಾಷೆಯೊಂದರ ಕೇಂದ್ರಸ್ಥಾನದಲ್ಲಿ ಇರುವವರಿಗೆ ಇದರಿಂದ ಹೆಚ್ಚಿನ ನಷ್ಟವಾಗದು. ಎರಡು ಭಾಷೆಗಳ ನಡುವೆ ಬಾಳಿದ ಗಡಿಸೀಮೆಯವರ ಕೇಳ್ಮೆ ಮಾತ್ರ ಚರಿತ್ರೆಯಿಂದಲೇ ಅಳಿಸಿಹೋಗುತ್ತದೆ. ಏಕೆಂದರೆ ಅವರು ಕೇಳಿದ ಕ್ರಮದಲ್ಲಿ ಜೋಡಿಸಿದ ಸಂಕಲನವನ್ನು ಯಾವ ಕಂಪನಿಯೂ ಹೊರತಂದಿಲ್ಲ.

ಇದಕ್ಕೆ ಪರಿಹಾರವು ನಮ್ಮ ಕಾಲೇಜುಗಳ ಅಳವಿನಲ್ಲೇ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಿದ್ಯಾರ್ಥಿಗಳು ಶ್ರೀನಿವಾಸರ ಸಂಕಲನವೊಂದನ್ನು ಆರಿಸಿಕೊಂಡು, ಮೊದಲು ಪ್ರತಿಯೊಂದು ಹಾಡಿಗೂ ಚಿತ್ರ, ವರ್ಷ, ಕವಿ, ಸಂಗೀತ ನಿರ್ದೇಶಕ, ಸಹಗಾಯಕರು ಇವರನ್ನು ಗುರುತಿಸಿ ವರ್ಷಾನುಕ್ರಮವಾಗಿ ಜೋಡಿಸಲಿ. ಅನಂತರ ತಮ್ಮ ತಮ್ಮ ಮನೆಯ ಹಿರಿಯರ ಬಳಿಗೆ ಹೋಗಿ, ಆ ವರ್ಷಗಳಲ್ಲಿ ಅವರು ಯಾವ ಊರಿನಲ್ಲಿ, ಯಾವ ಭಾಷೆಯ, ಯಾವ ಚಿತ್ರವನ್ನು ನೋಡಿದರು, ಮದುವೆಯ ಚಪ್ಪರದಲ್ಲಿ ಯಾವ ಹಾಡು ಕೇಳಿದರು ಎಂಬುದನ್ನು ಬರೆದುಕೊಳ್ಳಲಿ. ಹೇಳುವವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲಿ, ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲಿ ದಾಖಲಿಸುವುದು ಒಳ್ಳೆಯದು. ನೆನಪು ತಪ್ಪಬಹುದು, ಚಿತ್ರದ ಬಿಡುಗಡೆಯ ವರ್ಷದೊಡನೆ ಹೋಲಿಸಿ ಅದನ್ನು ತಿದ್ದಿಕೊಳ್ಳುವುದಕ್ಕೆ ಅವಕಾಶವಿದೆ. ಸಂಕಲನದಲ್ಲಿ ಇರುವ ಹಾಡು ಹಿರಿಯರ ನೆನಪಿನಲ್ಲಿ ಇಲ್ಲದಿದ್ದರೆ ಅದೊಂದು ಸಂಗತಿ. ನೆನಪಿನಲ್ಲಿ ಇರುವ ಹಾಡು ಸಂಕಲನದಲ್ಲಿ ಇಲ್ಲದಿದ್ದರೆ ಅದು ಇನ್ನೂ ಮುಖ್ಯವಾದ ಸಂಗತಿ. ಇವೆರಡರ ನಡುವಣ ಅಂತರವನ್ನು ಅಳೆಯುವುದೇ ಸಂಶೋಧನೆ.

ಸಂಕಲನವನ್ನು ತಿರಸ್ಕರಿಸಬೇಕೆಂಬುದು ಈ ಲೇಖನದ ಅಭಿಪ್ರಾಯವಲ್ಲ. ನಾರೇಯಣ ತಾತಯ್ಯನವರ ಪದಗಳು ನಮಗೆ ಉಳಿದುಬಂದಿರುವುದು ಯಾರೋ ಕೂಡಿಸಿಟ್ಟುದರಿಂದ. ಶ್ರೀನಿವಾಸರ ಹಾಡುಗಳು ಮುಂದಿನವರಿಗೆ ಉಳಿಯುವುದೂ ಹಾಗೆಯೇ. ಕೂಡಿಸಿದವರ ಉಪಕಾರವನ್ನು ಸ್ಮರಿಸುತ್ತಲೇ, ಅವರು ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂದು ಕೇಳುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ. ಶಾಸನವನ್ನು ಓದುವಾಗ ಇರುವ ಎಚ್ಚರ ಹಾಡನ್ನು ಕೇಳುವಾಗಲೂ ಇದ್ದರೆ, ಶ್ರೀನಿವಾಸರ ಕಂಠದ ಮಾಧುರ್ಯಕ್ಕೆ ಅದರಿಂದ ಕುಂದೇನೂ ಉಂಟಾಗದು. ಆ ಕಂಠವನ್ನು ಮೊದಲು ಕೇಳಿದ ಜನರ ಬಾಳೂ ಅದರೊಡನೆ ನಮಗೆ ಕೇಳಿಸೀತು.